ಜಗ್ಗಿನ ಮೇಲಿಲ್ಲದ ಪಟ್ಟೆ

ಹಿಡಿಕೆಯ ಕೆಳತುದಿ ಪರದೆಯ ಮೇಲಿನ ಜಗ್ಗಿನ ಹೊಟ್ಟೆಗೆ ಕೂಡುವ ಜಾಗದಲ್ಲಿ ಇನ್ನೂ ಒಂದು ಕಡೆ ಮುರಿತ ಉಳಿದಿತ್ತು. ಊಟದ ಮೇಜಿನ ಈ ತುದಿಯಲ್ಲಿ ನನ್ನ ಲ್ಯಾಪ್‌ಟಾಪ್, ಆ ತುದಿಯಲ್ಲಿ ಅತ್ತೆ ನಾರು ತೆಗೆಯುತ್ತಿದ್ದ ಹುರುಳಿಕಾಯಿ. ನನ್ನ ಒಂದು ಕಣ್ಣು ಮುರಿತದ ಮೇಲೆ, ಒಂದು ಕಿವಿ ಒಲೆಯ ಮೇಲಿನ ಹಾಲಿನ ಕಡೆ. ಮೌಸನ್ನು ಕೂದಲೆಳೆಯಷ್ಟು ಎಳೆದು ನೋಡುವುದು, ಬಿಡುವುದು, ಮತ್ತೆ ಎಳೆಯುವುದು. ನಾಲ್ಕು ದಿನದಿಂದ ಇದೇ ನಡೆದಿತ್ತು.

ನಾನು ಕೆಲಸ ಮಾಡುವ ಕಾರ್ಖಾನೆಯಲ್ಲಿ ಪ್ಲಾಸ್ಟಿಕ್ಕಿನ ಬಕೆಟ್ಟು, ಮಗ್ಗು, ಸೋಪಿನ ಡಬ್ಬಿ, ಕಸದ ಬುಟ್ಟಿ ತಯಾರಾಗುತ್ತವೆ. ಅವುಗಳ ಆಕಾರವನ್ನು ಕಂಪ್ಯೂಟರಿನಲ್ಲಿ ಬಿಡಿಸುವುದು ನನ್ನ ಕೆಲಸ. ನಾನು ಕಳಿಸಿದ ಫೈಲಿನಂತೆ ಉಕ್ಕಿನಲ್ಲಿ ಅಚ್ಚು ಕೆತ್ತುತ್ತಾರೆ. ಆ ಅಚ್ಚಿನಿಂದ ಸಾವಿರಾರು ಜಗ್ಗುಗಳು ಹೊರಬೀಳುತ್ತವೆ. ಎರಡು ಮೇಲ್ಮೈಗಳು ಕೂಡುವಲ್ಲಿ ಮೂಲೆ ಹುಟ್ಟುವುದು ಸಹಜ. ಆ ಮೂಲೆಯನ್ನು ತೆಗೆದು, ಎರಡಕ್ಕೂ ಹುಟ್ಟಿದ ಮಗುವಿನಂಥ ಮೂರನೆಯ ಮೇಲ್ಮೈಯೊಂದನ್ನು ಅಲ್ಲಿ ತುಂಬುವುದಕ್ಕೆ ನಾವು ಬ್ಲೆಂಡ್ ಎನ್ನುತ್ತೇವೆ. ಇದರಲ್ಲಿ ಮೂರು ದರ್ಜೆ. ಮೊದಲನೆಯದರಲ್ಲಿ ಎರಡೂ ಮುಟ್ಟಿದರೆ ಸಾಕು. ಎರಡನೆಯದರಲ್ಲಿ ಮುಟ್ಟುವಲ್ಲಿ ಎರಡರ ವಾಲೂ, ಎಂದರೆ ಇಳಿಜಾರೂ, ಒಂದೇ ಇರಬೇಕು. ಮೂರನೆಯದರಲ್ಲಿ ವಾಲಷ್ಟೇ ಅಲ್ಲ, ಬಾಗುವ ರೀತಿಯೂ ಒಂದೇ ಇರಬೇಕು; ಒಂದು ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಶುರುವಾಯಿತು ಎಂಬುದು ಆಡಿಸಿದ ಬೆರಳಿಗೇ ಗೊತ್ತಾಗಬಾರದು. ನಾನು ಕಂಡ ಸಂಸಾರಗಳಲ್ಲಿ ಹೆಚ್ಚಿನವು ಮೊದಲ ದರ್ಜೆಯಲ್ಲೇ ಬೆಳ್ಳಿಹಬ್ಬ ಮುಗಿಸಿವೆ.

ಕಾರ್ಖಾನೆಯ ಜಗ್ಗುಗಳದ್ದೂ ಹನ್ನೊಂದು ವರ್ಷದಿಂದ ಅದೇ ದರ್ಜೆ, ಬಹಳವೆಂದರೆ ಎರಡನೆಯದು. ಹಿಡಿಕೆಯ ಮೂಲೆಯಲ್ಲಿ ಕೊಳೆ ಕೂರುತ್ತದೆಂದು ಗಿರಾಕಿಗಳಿಂದ ಮೂರು ದೂರು ಬಂದ ಮೇಲೆ ಮಾಲೀಕರು ಈ ಸಲ ಮನಸ್ಸು ಮಾಡಿ, ನಿಮ್ಮ ಇಷ್ಟದಂತೆ ಒಂದು ಮಾಡಿಕೊಡಿ, ಶನಿವಾರ ಮಧ್ಯಾಹ್ನದೊಳಗೆ ಫೈಲು ಅಚ್ಚಿನವರಿಗೆ ಹೋಗಲಿ ಎಂದಿದ್ದರು. ಹನ್ನೊಂದು ವರ್ಷದಲ್ಲಿ ನನ್ನ ಇಷ್ಟವನ್ನು ಯಾರಾದರೂ ಕೇಳಿದ್ದು ಅದೇ ಮೊದಲು. ಅದಕ್ಕೇ ನಾಲ್ಕು ದಿನ ಒಂದು ಹಿಡಿಕೆಗೆ ಅಂಟಿಕೊಂಡಿದ್ದೆ.

ಸರಿಯಾಗಿ ಕೂಡಿದೆಯೋ ಇಲ್ಲವೋ ನೋಡಲು ಸಾಫ್ಟ್‌ವೇರಿನಲ್ಲಿ ಜೀಬ್ರಾ ಎಂಬ ಪರೀಕ್ಷೆ ಇದೆ. ಗುಂಡಿ ಒತ್ತಿದರೆ ಜಗ್ಗಿನ ಮೈಮೇಲೆಲ್ಲ ಕಪ್ಪು ಬಿಳಿ ಪಟ್ಟೆಗಳು ಬೀಳುತ್ತವೆ, ಹೊಳೆಯುವ ಕಾರಿನ ಮೇಲೆ ಟ್ಯೂಬ್‌ಲೈಟುಗಳ ಪ್ರತಿಬಿಂಬ ಬಿದ್ದ ಹಾಗೆ. ಕೂಡುವ ಜಾಗದಲ್ಲಿ ಪಟ್ಟೆ ತುಂಡಾದರೆ ಮೊದಲ ದರ್ಜೆ. ತುಂಡಾಗದೆ ಮೊಣಕೈಯಂತೆ ಮಡಚಿದರೆ ಎರಡನೆಯದು. ನೀರಿನಂತೆ ಹರಿದರೆ ಮೂರನೆಯದು. ಆ ಸೋಮವಾರ ಸಂಜೆ ಆರೂಕಾಲಿಗೆ, ಕೊನೆಯ ಮುರಿತದ ಮೇಲೆ, ಪಟ್ಟೆಗಳು ಹರಿದವು. ಹಿಡಿಕೆಯಿಂದ ಇಳಿದು ಹೊಟ್ಟೆಯ ಮೇಲೆ ಸುಮ್ಮನೆ ಸಾಗಿಹೋದವು. ಅತ್ತೆಗೆ ತೋರಿಸೋಣವೆಂದು ಬಾಯಿ ತೆರೆದೆ. ಅಷ್ಟರಲ್ಲಿ ಹಾಲು ಉಕ್ಕಿತು. ನಾನು ಅಡಿಗೆಮನೆಗೆ ಓಡಿದೆ.

ನಮ್ಮವರು ಆಫೀಸಿನಿಂದ ಬಂದದ್ದು ಆಗಲೇ.

ನಮ್ಮವರು ನಗರಸಭೆಯ ಜನನ ಮರಣ ನೋಂದಣಿಯ ಕೌಂಟರಿನಲ್ಲಿದ್ದಾರೆ. ಊರಿನ ಅರ್ಧ ಜನ ಹುಟ್ಟಿದ್ದಕ್ಕೂ ಇನ್ನರ್ಧ ಜನ ಸತ್ತಿದ್ದಕ್ಕೂ ಅವರ ಸಹಿಯೇ ಸಾಕ್ಷಿ. ಆದರೆ ಆ ಸಹಿಯನ್ನು ಯಾರೂ ಓದುವುದಿಲ್ಲ ಎಂಬ ಕೊರಗು ಅವರಿಗಿತ್ತು. ಎಂಟು ದಿನದ ಹಿಂದೆ, ಭಾನುವಾರ, ನಾದಿನಿಯ ಗಂಡ ಪಾರ್ಕಿಗೊಂದು ಕಲ್ಲುಬೆಂಚು ದಾನ ಮಾಡಿ, ಅದರ ಬೆನ್ನಿಗೆ ತಮ್ಮ ಹೆಸರು ಕೆತ್ತಿಸಿ, ಫೋಟೋವನ್ನು ಕುಟುಂಬದ ಗ್ರೂಪಿಗೂ ನಮ್ಮ ಬೀದಿಯ ಗ್ರೂಪಿಗೂ ಹಾಕಿದ್ದರು. ಎಪ್ಪತ್ತೆರಡು ಹೆಬ್ಬೆರಳು ಬಿದ್ದಿದ್ದವು. ನಮ್ಮವರು ಅದನ್ನು ಎಣಿಸಿದ್ದರು. ಆ ವಾರವೆಲ್ಲ ಪಾರ್ಕಿನ ದಾರಿ ಬಿಟ್ಟು ಸುತ್ತಿಕೊಂಡು ಆಫೀಸಿಗೆ ಹೋಗಿದ್ದರು.

ಅಂಥ ಮನುಷ್ಯನಿಗೆ, ಭುಜದ ಚೀಲ ಇಳಿಸುವ ಮೊದಲೇ, ಮೇಜಿನ ಮೇಲೆ ಕಪ್ಪು ಬಿಳಿ ಪಟ್ಟೆಯ ಜಗ್ಗೊಂದು ಕಾಣಿಸಿತು. ಹೆಂಡತಿ ಏನು ಕೆಲಸ ಮಾಡುತ್ತಾಳೆಂದು ಕೇಳಿದವರಿಗೆ ಹನ್ನೊಂದು ವರ್ಷದಿಂದ "ಕಂಪ್ಯೂಟರಲ್ಲಿ ಏನೋ ಗೀಚ್ತಾಳೆ" ಎನ್ನುತ್ತಿದ್ದವರು ಮೊದಲ ಬಾರಿಗೆ ಬಗ್ಗಿ ನೋಡಿದರು. ಫೋನು ತೆಗೆದರು. ನಾನು ಒಲೆ ಒರೆಸಿ ಬರುವುದರೊಳಗೆ ಎರಡೂ ಗ್ರೂಪಿಗೆ ಚಿತ್ರ ಹೋಗಿಯಾಗಿತ್ತು. ಕೆಳಗೆ ಎರಡು ಸಾಲು: ನಮ್ಮ ಮನೆಯಲ್ಲೇ ರೂಪುಗೊಂಡ ಹೊಸ ಜಗ್. ಪಟ್ಟೆಗಳು ನನ್ನ ಕಲ್ಪನೆ.

ನನಗೆ ತಿಳಿದದ್ದು ಮರುದಿನ ಬೆಳಿಗ್ಗೆ, ಪಕ್ಕದ ಮನೆಯ ಟೈಲರಮ್ಮನಿಂದ. ಅವರು ಕಾಂಪೌಂಡ್ ಗೋಡೆಯ ಆಚೆಯಿಂದ ಫೋನನ್ನು ನನ್ನ ಮೂಗಿನ ಹತ್ತಿರ ಹಿಡಿದು, ಚಿತ್ರವನ್ನು ಎರಡು ಬೆರಳಿನಿಂದ ದೊಡ್ಡದು ಮಾಡಿ, ಸರಿಯಾಗಿ ಹಿಡಿಕೆ ಕೂಡುವ ಜಾಗವನ್ನೇ ತೋರಿಸಿದರು.

"ಪಟ್ಟೆ ಬಟ್ಟೆ ಹೊಲಿಯೋವಾಗ ಹೊಲಿಗೆ ಹತ್ರ ಗೆರೆಗೆ ಗೆರೆ ಕೂಡಿಸೋದು ಎಂಥ ಕಷ್ಟ ಅಂತ ನನಗೆ ಗೊತ್ತು. ಇಲ್ಲಿ ಹೊಲಿಗೆನೇ ಕಾಣಲ್ಲ. ಇದನ್ನ ಯಾರು ಕೂಡಿಸಿದ್ದು?"

ಬೀದಿಗೆಲ್ಲ ಒಬ್ಬರಾದರೂ ಸರಿಯಾದ ಜಾಗ ನೋಡಿದರಲ್ಲ ಎಂದು ನನಗೆ ಎದೆ ತುಂಬಿ ಬಂತು. ಉತ್ತರ ಹೇಳುವ ಮೊದಲೇ ಹಿಂದಿನಿಂದ, ಹಲ್ಲುಜ್ಜುತ್ತಿದ್ದ ನಮ್ಮವರು ನೊರೆಯ ನಡುವೆ "ನಾವೇ" ಎಂದರು.

ಅವರನ್ನು ಒಳಗೆ ಕರೆದುಕೊಂಡು ಹೋಗಿ ಕೂರಿಸಿ ಎರಡು ಮಾತು ಹೇಳಿದೆ. ಮೊದಲನೆಯದಾಗಿ, ಮಾರುಕಟ್ಟೆಗೆ ಬರದ ವಸ್ತುವಿನ ಚಿತ್ರ ಹೊರಗೆ ಹೋಗಕೂಡದೆಂದು ನಾನು ಕಾರ್ಖಾನೆಯಲ್ಲಿ ಸಹಿ ಹಾಕಿದ್ದೇನೆ. ಇದು ಮಾಲೀಕರಿಗೆ ಗೊತ್ತಾದರೆ ಈ ಜಗ್ಗಿರಲಿ, ನನ್ನ ಕೆಲಸವೇ ಹೋದೀತು. ಎರಡನೆಯದಾಗಿ, ಆ ಪಟ್ಟೆಗಳು ಜಗ್ಗಿನ ಮೇಲೆ ಇಲ್ಲವೇ ಇಲ್ಲ. ಮೊದಲನೆಯದನ್ನು ಕೇಳಿ ಅವರ ಮುಖ ಸಣ್ಣಗಾಯಿತು. ಎರಡನೆಯದನ್ನು ಕೇಳಿ, ಕೌಂಟರಿಗೆ ದಾಖಲೆ ತರದೆ ಬಂದವರನ್ನು ನೋಡುವ ಹಾಗೆ ನನ್ನನ್ನು ನೋಡಿದರು.

"ನಾನೇ ಕಣ್ಣಾರೆ ನೋಡಿದೀನಲ್ಲೇ."

ಸ್ಟೀಲಿನ ಸೌಟು ಹಿಡಿದು, ಅದರ ಬೆನ್ನಿನ ಮೇಲೆ ಬಿದ್ದ ಕಿಟಕಿಯ ಸರಳುಗಳ ಪ್ರತಿಬಿಂಬ ತೋರಿಸಿ, ಸೌಟಿನ ಮೇಲೆ ಸರಳು ಇದೆಯೇ ಎಂದು ಕೇಳಿದೆ. ಮೂರು ದರ್ಜೆಗಳನ್ನೂ ಹೇಳಿದೆ. ಇಪ್ಪತ್ತು ನಿಮಿಷ ಹಿಡಿಯಿತು. ಅವರು ತಲೆಯಾಡಿಸಿ, ಸೌಟನ್ನು ಕೆಳಗಿಟ್ಟು, ಎಂಬತ್ತು ಹೆಬ್ಬೆರಳು ಬಿದ್ದಿವೆ ಎಂದರು. ಬೆಂಚಿಗಿಂತ ಎಂಟು ಹೆಚ್ಚು.

"ಈಗ ನಾನು ಏನಂತ ಬರೀಲಿ? ನನ್ನ ಕಲ್ಪನೆ ಇರಲಿ, ಪಟ್ಟೆನೇ ಇಲ್ಲ ಅಂತಲಾ? ಒಂದು ವಾರ ಇರಲಿ ಬಿಡೇ, ಆಮೇಲೆ ಜನ ತಾವಾಗೇ ಮರೀತಾರೆ."

ಬಾಗಿಲ ಬಳಿ ನಿಂತು ಎಲ್ಲ ಕೇಳಿಸಿಕೊಂಡಿದ್ದ ಅತ್ತೆಗೆ ಮಾತ್ರ ಒಂದು ಅನುಮಾನ ಉಳಿದಿತ್ತು. "ಇಲ್ದೇ ಇರೋದು ಫೋಟೋದಲ್ಲಿ ಹೇಗಮ್ಮ ಬಂತು?" ಎಂದು ಕೇಳಿದರು. ನಾನು ಸೌಟನ್ನು ತೊಳೆಯಲು ಹಾಕಿದೆ.

ಜನ ಮರೆಯಲಿಲ್ಲ. ಮಂಗಳವಾರ ಸಂಜೆಯೊಳಗೆ ಬೀದಿಯ ಐದು ಮನೆಯವರು ಜಗ್ಗು ನೋಡಲು ಬಂದರು. ಜಗ್ಗು ಇನ್ನೂ ಹುಟ್ಟಿಲ್ಲವೆಂದು ತಿಳಿದಾಗ, ಬಂದದ್ದಕ್ಕೆ ನಮ್ಮವರನ್ನಾದರೂ ನೋಡಿ ಹೋದರು. ನಿವೃತ್ತ ಮೇಷ್ಟರೊಬ್ಬರು ಪಟ್ಟೆ ನಿಂತಿದ್ದರೆ ಮನುಷ್ಯ ತೆಳ್ಳಗೆ ಕಾಣುತ್ತಾನೆ, ಮಲಗಿದ್ದರೆ ದಪ್ಪಗೆ ಕಾಣುತ್ತಾನೆ, ಜಗ್ಗಿಗೂ ಈ ನಿಯಮ ಅನ್ವಯಿಸುತ್ತದೆಯೇ ಎಂದು ಕೇಳಿದರು. ಅನ್ವಯಿಸುತ್ತದೆ, ಆದರೆ ನೀರು ತುಂಬಿದ ಮೇಲೆ ಇಲ್ಲ ಎಂದು ನಮ್ಮವರು ಉತ್ತರಿಸಿದರು. ಅವರಿಗೆ ಗೊತ್ತಿಲ್ಲದ ವಿಷಯದಲ್ಲಿ ಅವರು ತಡವರಿಸಿದ್ದನ್ನು ನಾನು ಕಂಡಿಲ್ಲ. ಬುಧವಾರ ಅವರ ಕೌಂಟರಿನ ಗಾಜಿಗೂ ಆ ಚಿತ್ರ ಅಂಟಿತು. ಮಾವನ ಮರಣಪತ್ರ ತೆಗೆದುಕೊಳ್ಳಲು ಬಂದವರೊಬ್ಬರು ಕಣ್ಣೊರೆಸಿಕೊಂಡು, ಇದಕ್ಕೆ ಮುಚ್ಚಳ ಬರುತ್ತದೆಯೇ ಎಂದು ವಿಚಾರಿಸಿದರಂತೆ.

ಇಷ್ಟಕ್ಕೇ ನಿಂತಿದ್ದರೆ ನಾನು ಹೇಗಾದರೂ ಶನಿವಾರ ದಾಟುತ್ತಿದ್ದೆ. ಆದರೆ ಬೀದಿಯ ಗ್ರೂಪಿನಲ್ಲಿ ಮೂಲೆಯ ಪಾತ್ರೆ ಅಂಗಡಿಯವರೂ ಇದ್ದರು. ಅವರು ನಮ್ಮ ಕಾರ್ಖಾನೆಯ ಹಳೆಯ ಗಿರಾಕಿ. ಬುಧವಾರ ಮಧ್ಯಾಹ್ನ ಅವರು ಮಾಲೀಕರಿಗೆ ಫೋನು ಮಾಡಿ, ಪಟ್ಟೆ ಜಗ್ಗು ಎರಡು ಸಾವಿರ ನನಗೇ ಮೊದಲು ಕಳಿಸಬೇಕು, ಇಲ್ಲವಾದರೆ ಬೇರೆ ಕಾರ್ಖಾನೆ ನೋಡಿಕೊಳ್ಳುತ್ತೇನೆ ಎಂದರು. ಯಾವ ಪಟ್ಟೆ ಜಗ್ಗು ಎಂದು ಮಾಲೀಕರು ಕೇಳಿರಬೇಕು. ಸಂಜೆ ಐದಕ್ಕೆ ನನಗೆ ಕರೆ ಬಂತು.

"ನಾಳೆ ಬರೋವಾಗ ನಿಮ್ಮ ಯಜಮಾನರನ್ನೂ ಕರ್ಕೊಂಡು ಬನ್ನಮ್ಮ" ಎಂದಷ್ಟೇ ಹೇಳಿ ಇಟ್ಟರು.

ನಾನು ಸಹಿ ಹಾಕಿದ್ದ ಕಾಗದ ಹುಡುಕಿ ತೆಗೆದು, ಅದರಲ್ಲಿ ಶಿಕ್ಷೆ ಎಂಬ ಪದ ಎಷ್ಟು ಸಲ ಬರುತ್ತದೆಂದು ನೋಡಿದೆ. ನಮ್ಮವರು ಶರ್ಟಿಗೆ ಇಸ್ತ್ರಿ ಹಾಕಿದರು. ಅದು ಪಟ್ಟೆ ಶರ್ಟು.

ಮಾಲೀಕರಿಗೆ ಕೈಯಲ್ಲಿ ಯಾವುದಾದರೊಂದು ಡಬ್ಬಿ ಇಲ್ಲದೆ ಮಾತಾಡಲು ಬರುವುದಿಲ್ಲ. ಮುಚ್ಚಳ ತೆರೆದರೆ ಅವರು ಕೇಳಿಸಿಕೊಳ್ಳುತ್ತಿದ್ದಾರೆಂದು, ಮುಚ್ಚಿದರೆ ಮಾತು ಮುಗಿಯಿತೆಂದು ನಾವೆಲ್ಲ ಅರ್ಥ ಮಾಡಿಕೊಳ್ಳುತ್ತೇವೆ. ಗುರುವಾರ ಅವರ ಕೈಯಲ್ಲಿ ಸೋಪಿನ ಡಬ್ಬಿ ಇತ್ತು, ಮುಚ್ಚಳ ತೆರೆದಿತ್ತು. ಬದಿಯಲ್ಲಿ ಬಣ್ಣದ ವಿಭಾಗದ ಮೇಸ್ತ್ರಿ ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು ನಿಂತಿದ್ದರು. ಚಿತ್ರ ಹೊರಗೆ ಹೋದದ್ದರ ಬಗ್ಗೆ ಮಾಲೀಕರು ಒಂದು ಮಾತೂ ಆಡಲಿಲ್ಲ. ನನ್ನ ಲ್ಯಾಪ್‌ಟಾಪನ್ನು ಗೋಡೆಯ ದೊಡ್ಡ ಪರದೆಗೆ ಜೋಡಿಸಲು ಹೇಳಿ, ನಮ್ಮವರಿಗೆ ಕುರ್ಚಿ ತೋರಿಸಿ, ಈ ಕಲ್ಪನೆ ನಿಮಗೆ ಹೇಗೆ ಬಂತೆಂದು ಕೇಳಿದರು.

ನಮ್ಮವರು ಒಮ್ಮೆ ನನ್ನ ಕಡೆ ನೋಡಿದರು. ನಾನು ಕಣ್ಣಲ್ಲೇ ಬೇಡ ಎಂದೆ. ಇಪ್ಪತ್ತು ವರ್ಷದ ದಾಂಪತ್ಯದಲ್ಲಿ ನನ್ನ ಕಣ್ಣಿನ ಭಾಷೆಯನ್ನು ಅವರು ಯಾವಾಗಲೂ ಮುಂದುವರಿಸು ಎಂದೇ ಓದಿಕೊಂಡಿದ್ದಾರೆ.

"ಪಟ್ಟೆ ಅಂದ್ರೆ ಸುಮ್ನೆ ಪಟ್ಟೆ ಅಲ್ಲ ಸಾರ್. ಅದರಲ್ಲಿ ಮೂರು ದರ್ಜೆ ಇದೆ" ಎಂದು ಶುರು ಮಾಡಿದರು.

ಮುಟ್ಟುವುದು, ವಾಲು, ಬಾಗು. ನಾನು ಮಂಗಳವಾರ ಸೌಟು ಹಿಡಿದು ಹೇಳಿದ್ದೆಲ್ಲ, ಸೌಟೊಂದು ಬಿಟ್ಟು, ಹಾಗೆಯೇ ಹೊರಬಂತು. ತುಂಡಾಗುವ ಪಟ್ಟೆ ಕೀಳು, ಮಡಚುವ ಪಟ್ಟೆ ಮಧ್ಯಮ, ಹರಿಯುವ ಪಟ್ಟೆ ಉತ್ತಮ. ಮಾಲೀಕರ ಕೈಯಲ್ಲಿ ಮುಚ್ಚಳ ಇನ್ನಷ್ಟು ಅಗಲವಾಗಿ ತೆರೆಯಿತು. ಅವರು ನನ್ನ ಕಡೆ ತಿರುಗಿ, ಹನ್ನೊಂದು ವರ್ಷದಲ್ಲಿ ನೀವು ಒಂದು ದಿನವಾದರೂ ಹೀಗೆ ಬಿಡಿಸಿ ಹೇಳಿದ್ದೀರಾ ಎಂದು ಕೇಳಿದರು. ಅದೇ ಕೋಣೆಯಲ್ಲಿ, ಅದೇ ಮಾತುಗಳಲ್ಲಿ, ವರ್ಷಕ್ಕೊಮ್ಮೆ ಹೇಳಿದ್ದೆ. ಎಲ್ಲ ಸಲವೂ ಮುಚ್ಚಳ ಮುಚ್ಚಿತ್ತು.

ಆಗ ಮೇಸ್ತ್ರಿ ಮೊದಲ ಬಾರಿಗೆ ಬಾಯಿಬಿಟ್ಟರು. ಹಿಂದಿನ ಕಡೆ ಪಟ್ಟೆ ಹೇಗಿದೆ ನೋಡಬೇಕು, ಜಗ್ಗನ್ನು ಒಂದು ಸುತ್ತು ತಿರುಗಿಸಿ ಎಂದರು. ನಾನು ಮೌಸಿಗೆ ಕೈ ಚಾಚುವ ಮೊದಲೇ ನಮ್ಮವರು ಅದನ್ನು ಹಿಡಿದು ಎಳೆದರು.

ಜಗ್ಗು ತಿರುಗಿತು. ಪಟ್ಟೆಗಳು ಅದರ ಜೊತೆ ತಿರುಗಲಿಲ್ಲ. ಪ್ರತಿಬಿಂಬವಲ್ಲವೇ, ಜಗ್ಗು ಆ ಕಡೆ ಹೋದರೆ ಅವು ಈ ಕಡೆ ಜಾರಿದವು, ಹಿಡಿಕೆಯ ಮೇಲೆ ಹಾವಿನಂತೆ ಏರಿ, ಮೂತಿಯ ಹತ್ತಿರ ಸುರುಳಿ ಸುತ್ತಿ, ಹೊಟ್ಟೆಯ ಮೇಲೆ ಹರಿದಾಡಿದವು. ನಮ್ಮವರು ಹೆದರಿ ಮೌಸು ಬಿಟ್ಟರು. ಪಟ್ಟೆಗಳು ನಿಂತವು. ಧೈರ್ಯ ಮಾಡಿ ಮತ್ತೆ ಎಳೆದರು. ಮತ್ತೆ ಹರಿದವು.

"ಇದು ಓಡಾಡುತ್ತಲ್ರೀ" ಎಂದರು ಮಾಲೀಕರು.

ನಮ್ಮವರು ಗಂಟಲು ಸರಿಮಾಡಿಕೊಂಡರು. "ಹೌದು ಸಾರ್. ಓಡಾಡೋ ಪಟ್ಟೆ."

ಮಾಲೀಕರು ಮೇಸ್ತ್ರಿಯ ಕಡೆ ನೋಡಿದರು. ಮೇಸ್ತ್ರಿ ಕಿವಿಯ ಪೆನ್ಸಿಲ್ ತೆಗೆದು ಜೇಬಿಗೆ ಹಾಕಿಕೊಂಡರು. ಅದು ಅವರು ಕೆಲಸ ಒಪ್ಪುವುದಿಲ್ಲ ಎಂಬುದರ ಗುರುತು.

"ಮೂವತ್ನಾಲ್ಕು ವರ್ಷದಿಂದ ಬಣ್ಣ ಹಚ್ತಿದೀನಿ. ನನ್ನ ಬಣ್ಣ ಹಚ್ಚಿದ ಕಡೆನೇ ಇರುತ್ತೆ. ಓಡಾಡೋದು ಬೇಕಾದ್ರೆ ಬೇರೆಯವರನ್ನ ಕರೆಸ್ಕೊಳ್ಳಿ."

ಇನ್ನು ಸುಮ್ಮನಿರುವುದು ಸಾಧ್ಯವಿಲ್ಲವೆನಿಸಿ ನಾನು ಎದ್ದು ನಿಂತು ಎಲ್ಲವನ್ನೂ ಹೇಳಿದೆ. ಇದು ಬಣ್ಣವಲ್ಲ, ಪರೀಕ್ಷೆ. ಗುಂಡಿ ಒತ್ತಿ ತೋರಿಸಿದೆ. ಪಟ್ಟೆಗಳು ಮಾಯವಾಗಿ ಪರದೆಯ ಮೇಲೆ ಬೂದು ಬಣ್ಣದ ಬೋಳು ಜಗ್ಗು ಉಳಿಯಿತು. ನಮ್ಮವರು ಚಪ್ಪಲಿ ನೋಡಿಕೊಂಡರು. ಮಾಲೀಕರು ಬಹಳ ಹೊತ್ತು ಸೋಪಿನ ಡಬ್ಬಿಯ ಒಳಗೆ ಇಣುಕಿದರು.

"ಅಂದ್ರೆ, ಇಲ್ದೇ ಇರೋದಕ್ಕೆ ಎರಡು ಸಾವಿರ ಕೇಳಿದಾರೆ."

"ಹೌದು ಸಾರ್."

"ಇರೋದನ್ನ ಇಷ್ಟು ವರ್ಷದಲ್ಲಿ ಯಾವತ್ತಾದ್ರೂ ಫೋನ್ ಮಾಡಿ ಕೇಳಿದಾರಾ?"

ಕೇಳಿರಲಿಲ್ಲ. ಅಲ್ಲಿಗೆ ತೀರ್ಮಾನವಾಯಿತು. ಪಟ್ಟೆಗಳನ್ನು ಬಣ್ಣದಲ್ಲೇ ಹೊಡೆಯುವುದು, ಅವು ನಿಂತಲ್ಲೇ ನಿಲ್ಲುವುದು. ಮೇಸ್ತ್ರಿ ಪೆನ್ಸಿಲನ್ನು ಕಿವಿಗೆ ವಾಪಸು ಸಿಕ್ಕಿಸಿದರು. ನಮ್ಮವರ ತಲೆ ಇಂಚಿಂಚಾಗಿ ಮೇಲೆ ಬಂತು. ಮಾಲೀಕರು ಅವರ ಕೈ ಕುಲುಕಿ, ನನ್ನ ಕಡೆ ತಿರುಗಿ, ಸಣ್ಣ ವಿಷಯವೊಂದು ಎಂಬಂತೆ ಹೇಳಿದರು: ಪಟ್ಟೆ ಬಂದ ಮೇಲೆ ಕೂಡುವ ಜಾಗ ಯಾರಿಗೂ ಕಾಣುವುದಿಲ್ಲ, ಆದ್ದರಿಂದ ಅಲ್ಲಿ ಅಷ್ಟು ನುಣುಪು ಬೇಡ, ಮೊದಲಿನಂತೆ ನಾಲ್ಕು ಮಿಲಿಮೀಟರಿನ ಸಾದಾ ದುಂಡು ಅಂಚು ಕೊಟ್ಟರೆ ಅಚ್ಚು ಕೆತ್ತುವುದರಲ್ಲಿ ಐದು ದಿನ ಉಳಿಯುತ್ತದೆ.

"ಅದು ಕಾಣೋದಕ್ಕೆ ಅಲ್ಲ ಸಾರ್, ತೊಳೆಯೋದಕ್ಕೆ. ಮೂಲೆಯಲ್ಲಿ ಕೊಳೆ ಕೂರುತ್ತೆ ಅಂತ ದೂರು ಬಂದಿತ್ತಲ್ಲ."

"ಪಟ್ಟೆ ಇದ್ರೆ ಕೊಳೆನೂ ಕಾಣಲ್ಲಮ್ಮ" ಎಂದು ಅವರು ಮುಚ್ಚಳ ಮುಚ್ಚಿದರು.

ಹೊರಗೆ ಬರುವಾಗ ಮೇಸ್ತ್ರಿಯನ್ನು, ಈ ಬಣ್ಣ ಎಷ್ಟು ದಿನ ಬಾಳುತ್ತದೆ ಎಂದು ಕೇಳಿದೆ. ಮೆಲ್ಲಗೆ ತೊಳೆದರೆ ಮೂರು ತಿಂಗಳು, ಮನೆ ಹೆಂಗಸರು ತೊಳೆಯುವ ಹಾಗೆ ತೊಳೆದರೆ ಎರಡು ಎಂದರು.

ಆ ಸಂಜೆ ನಮ್ಮವರು ಬೀದಿಯಲ್ಲಿ ಹಾಕಿದ ಹೆಜ್ಜೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಹಳ ದಿನದ ಮೇಲೆ ಪಾರ್ಕಿನ ದಾರಿಯಲ್ಲೇ ಹೋಗಿ, ಬೆಂಚಿನ ಮೇಲೆ, ಸರಿಯಾಗಿ ಕೆತ್ತಿದ ಹೆಸರಿಗೆ ಬೆನ್ನು ಒರಗಿಸಿ ಅರ್ಧ ಗಂಟೆ ಕೂತು ಬಂದರು. ಪಟ್ಟೆ ನಿಜವಾಗುತ್ತಿದೆ ಎಂಬ ಸುದ್ದಿ ಆಗಲೇ ಎರಡೂ ಗ್ರೂಪಿನಲ್ಲಿತ್ತು. ನಾದಿನಿಯ ಗಂಡ ತಾವಾಗಿ ಫೋನು ಮಾಡಿ, ಬೆಂಚಿಗೂ ನಾಲ್ಕು ಪಟ್ಟೆ ಹೊಡೆಸಿದರೆ ಹೇಗಿರುತ್ತದೆಂದು ಅಭಿಪ್ರಾಯ ಕೇಳಿದರು. ನಮ್ಮವರು ಯೋಚಿಸಿ, ಮೊದಲು ಅಂಚುಗಳನ್ನು ನೋಡಬೇಕಾಗುತ್ತದೆ ಎಂದರು. ಫೋನು ಇಟ್ಟ ಮೇಲೆ ನನ್ನ ಹತ್ತಿರ ಬಂದು, "ನಿನಗೇನೂ ಬೇಜಾರಿಲ್ಲ ತಾನೇ? ಜಗ್ಗು ಹೇಗಿದ್ರೂ ನಿನ್ನದೇ, ನಂದು ಬರೀ ಪಟ್ಟೆ" ಎಂದರು. ಅವರ ಮುಖದಲ್ಲಿ ಕಪಟವಿರಲಿಲ್ಲ. ಇಲ್ಲ, ಊಟಕ್ಕೆ ಏಳಿ ಎಂದೆ.

ಶುಕ್ರವಾರ ಬೆಳಿಗ್ಗೆ ಕೂತು ಮಾಲೀಕರು ಹೇಳಿದ ಹಾಗೆ ಮಾಡಿದೆ. ನಾಲ್ಕು ದಿನದ ಮೇಲ್ಮೈಯನ್ನು ಅಳಿಸಿ, ನಾಲ್ಕು ಮಿಲಿಮೀಟರ್ ಎಂದು ತುಂಬಿ, ಗುಂಡಿ ಒತ್ತಿದರೆ ಮುಗಿಯಿತು; ಒಂದು ಕ್ಷಣವೂ ಹಿಡಿಯಲಿಲ್ಲ. ಜೀಬ್ರಾ ಹಾಕಿ ನೋಡಿದೆ. ಪಟ್ಟೆಗಳು ಹಿಡಿಕೆಯಿಂದ ಇಳಿದು ಬಂದು, ಕೂಡುವ ಜಾಗದಲ್ಲಿ ಮೊಣಕೈಯಂತೆ ಮಡಚಿ ನಿಂತವು. ಅದನ್ನು ಬೇರೆ ಫೈಲಾಗಿ ಉಳಿಸಿದೆ. ಈಗ ಪರದೆಯ ಮೇಲೆ ಎರಡು ಫೈಲು, ಅಕ್ಕಪಕ್ಕ.

ನನ್ನ ನಾಲ್ಕು ದಿನದ ಜಗ್ಗಿನ ಬಿಳಿ ಮಾದರಿಯೊಂದನ್ನು ಅಚ್ಚಿಲ್ಲದೆ ಮಾದರಿ ಮಾಡುವ ಕಾರ್ಖಾನೆಯ ಯಂತ್ರದಲ್ಲಿ ಮಾಡಿಸಿ ಗುರುವಾರ ಮನೆಗೆ ತಂದಿದ್ದೆ. ಅದು ಅಡಿಗೆಮನೆಯ ಕಟ್ಟೆಯ ಮೇಲಿತ್ತು. ಅಡಿಗೆಮನೆಯಲ್ಲಿರುವ ವಸ್ತುವೆಲ್ಲ ತೊಳೆಯಬೇಕಾದದ್ದೇ ಎಂಬುದು ಅತ್ತೆಯ ನಂಬಿಕೆ. ಬೆಳಗಿನ ಪಾತ್ರೆಗಳ ಜೊತೆ ಅದನ್ನೂ ನಲ್ಲಿಯ ಕೆಳಗೆ ಹಿಡಿದರು. ನಾನು ಕೂತಲ್ಲಿಂದ ಅವರ ಬೆನ್ನು, ಮೊಣಕೈ ಕಾಣುತ್ತಿದ್ದವು. ಒಮ್ಮೆ ಆ ಮೊಣಕೈ ನಿಂತಿತು. ಮತ್ತೆ ಆಡಿತು. ಮತ್ತೆ ನಿಂತಿತು. ಅವರು ಜಗ್ಗನ್ನು ಬೆಳಕಿಗೆ ಎತ್ತಲಿಲ್ಲ, ಕಣ್ಣಿನ ಹತ್ತಿರ ತರಲೂ ಇಲ್ಲ. ಬರೀ ಹೆಬ್ಬೆರಳನ್ನು ಹಿಡಿಕೆಯಿಂದ ಹೊಟ್ಟೆಗೆ, ಹೊಟ್ಟೆಯಿಂದ ಹಿಡಿಕೆಗೆ ಆಡಿಸುತ್ತಿದ್ದರು.

"ಇದಕ್ಕೆ ಮೂಲೆನೇ ಇಲ್ವಲ್ಲೇ" ಎಂದರು.

"ಇಲ್ಲ ಅತ್ತೆ."

"ಉಗುರು ಹಾಕಿ ಕೆರೆಯೋದು ತಪ್ತು." ನೀರು ನಿಲ್ಲಿಸಿ ತಮ್ಮ ಹೆಬ್ಬೆರಳಿನ ಉಗುರು ನೋಡಿಕೊಂಡರು. ಅದು ಒಂದು ಕಡೆ ಸವೆದು ಓರೆಯಾಗಿತ್ತು. ಇಷ್ಟು ವರ್ಷ ಜೊತೆಗಿದ್ದೂ ನಾನು ಗಮನಿಸಿರಲಿಲ್ಲ. "ಅಂಗಡಿಗೆ ಬರೋದೂ ಇದೇ ತಾನೇ?"

ನಡುಮನೆಯಿಂದ ನಮ್ಮವರು, ಅದಕ್ಕೆ ಪಟ್ಟೆ ಇರುತ್ತಮ್ಮ ಎಂದು ಕೂಗಿ ಹೇಳಿದರು. ಪಟ್ಟೆ ಕಟ್ಕೊಂಡು ನನಗೇನಾಗಬೇಕು ಎಂದು ಅತ್ತೆ ಗೊಣಗಿ, ಜಗ್ಗನ್ನು ಮಗುಚಿ ಹಾಕಿ, ಮುಂದಿನ ಪಾತ್ರೆಗೆ ಕೈ ಹಾಕಿದರು.

ಅಚ್ಚಿನವರು ಪ್ರಶ್ನೆ ಕೇಳುವ ಜನ ಅಲ್ಲ. ಬಂದ ಫೈಲನ್ನು ಕೆತ್ತುತ್ತಾರೆ. ಐದು ದಿನ ತಡವಾದರೆ ಅದಕ್ಕೂ ಯಾರೂ ಹುಬ್ಬೇರಿಸುವುದಿಲ್ಲ. ಅವರು ಹೇಳಿದ ದಿನಕ್ಕೆ ಅಚ್ಚು ಕೊಟ್ಟ ದಾಖಲೆ ನಮ್ಮ ಕಾರ್ಖಾನೆಯ ಚರಿತ್ರೆಯಲ್ಲಿ ಇಲ್ಲ. ಒಮ್ಮೆ ಉಕ್ಕಿನಲ್ಲಿ ಕೆತ್ತಿದ ಮೇಲೆ ಅದನ್ನು ಕೆಡಿಸಿ ಮತ್ತೆ ಮೂಲೆ ಮಾಡಿಸುವಷ್ಟು ಹುರುಪು ಮಾಲೀಕರಿಗೂ ಇರುವುದಿಲ್ಲ. ಅವರಿಗೆ ಬೇಕಾದ ಪಟ್ಟೆ ಮೇಲೆ ಇರುತ್ತದೆ, ಎರಡು ತಿಂಗಳು.

ನಾಳೆಯವರೆಗೆ ಕಾಯಲಿಲ್ಲ. ಅಚ್ಚಿನವರಿಗೆ ಪತ್ರ ತೆರೆದು, ಎರಡು ಸಾಲು ಬರೆದು, ನಾಲ್ಕು ದಿನ ಕೂತು ಮಾಡಿದ ಫೈಲನ್ನು ಅಂಟಿಸಿದೆ. ಸರಿಯಾದದ್ದೇ ಅಂಟಿತೇ ಎಂದು ಇನ್ನೊಮ್ಮೆ ತೆರೆದು ನೋಡಿದೆ. ಕಳಿಸಿದೆ. ಉಳಿದ ಫೈಲನ್ನು ಅಳಿಸಿಹಾಕಿ ಲ್ಯಾಪ್‌ಟಾಪ್ ಮುಚ್ಚಿದೆ.

ನಮ್ಮವರು ಆಫೀಸಿಗೆ ಹೊರಟು, ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ, "ಕಳಿಸಿದ್ಯಾ?" ಎಂದು ಕೇಳಿದರು.

ಕಳಿಸಿದೆ ಎಂದೆ. ಯಾವುದನ್ನು ಎಂದು ಅವರು ಕೇಳಲಿಲ್ಲ.